ನಿರ್ವಾತನಳಿಕೆಯ ನಾದವೂ ಟ್ರಾನ್ಸಿಸ್ಟರಿನ ನಾದವೂ

ಹೆಡ್‌ಫೋನಿಗೆ ಬಲವನ್ನೀಯುವ ವರ್ಧಕಯಂತ್ರಗಳು ಎರಡು ಬಗೆ. ಲೀ ಡಿ ಫಾರೆಸ್ಟನು 1906ರಲ್ಲಿ ರಚಿಸಿದ ನಳಿಕೆಯ ವಂಶದವು ಕೆಲವು. ಬೆಲ್ ಪ್ರಯೋಗಶಾಲೆಯಲ್ಲಿ 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿನ ವಂಶದವು ಉಳಿದವು. ಮೊದಲನೆಯದರ ನಾದ ಬೆಚ್ಚನೆಯದು, ಎರಡನೆಯದರದು ಶುಷ್ಕ ಎಂಬುದು ರಸಿಕರಲ್ಲಿ ರೂಢವಾದ ಮಾತು. ಈ ಗುಣವು ನಳಿಕೆಯಲ್ಲಿಯೇ ನೆಲೆಸಿರುವುದೇ ಎಂಬುದು ವಿಚಾರಾರ್ಹವಾಗಿದೆ.

ಭೇದಕ್ಕೆ ಮುಖ್ಯ ಕಾರಣಗಳು ಎರಡು. ಸರಳವಾದ ನಳಿಕಾಮಂಡಲವು ಮೂಲಸ್ವರಕ್ಕೆ ಅದರ ಇಮ್ಮಡಿ ಕಂಪನದ ಉಪಸ್ವರವನ್ನು ಬೆರೆಸುವುದುಂಟು. ಅದು ಮೇಲಣ ಸ್ಥಾಯಿಯ ಅದೇ ಸ್ವರವಾದುದರಿಂದ, ಅಲ್ಪಪ್ರಮಾಣದಲ್ಲಿ ಕಿವಿಗೆ ವಿಕಾರವೆನಿಸದೆ ಪುಷ್ಟಿಯೆನಿಸುವುದು. ಎರಡನೆಯ ಕಾರಣ ವರ್ಧಕದ ಒಳರೋಧ. ಟ್ರಾನ್ಸ್‌ಫಾರ್ಮರಿಲ್ಲದ ನಳಿಕಾವರ್ಧಕಗಳಲ್ಲಿ ಇದು ಅನೇಕವೇಳೆ ಅಧಿಕ. 300 ಓಮಿನ ಹೆಡ್‌ಫೋನಿನ ರೋಧವು ಮಂದ್ರದಲ್ಲಿ 600 ಓಮಿಗೆ ಏರುವುದೆಂದು ಭಾವಿಸೋಣ. ಒಳರೋಧ 100 ಓಮಾದರೆ ಮಂದ್ರಧ್ವನಿಯು ಸುಮಾರು 1.2 ಡೆಸಿಬೆಲ್ ಮೇಲೇಳುವುದು. 1 ಓಮಾದರೆ ಆ ಏರಿಕೆ ಗಣನೆಗೆ ಬಾರದು.

ಟ್ರಾನ್ಸಿಸ್ಟರಿನ ವರ್ಧಕಕ್ಕೆ 100 ಓಮಿನ ರೋಧಕವೊಂದನ್ನು ಸೇರಿಸಿದರೆ ಅಲ್ಲಿಯೂ ಮಂದ್ರವು ಹಾಗೆಯೇ ಏರುವುದು. ಆದುದರಿಂದ ಬೆಚ್ಚನೆಯ ನಾದವು ಮಂಡಲರಚನೆಯ ಫಲವೇ ಹೊರತು ನಳಿಕೆಯ ಸಹಜಗುಣವಲ್ಲ. ತುಲನೆಗೆ ತೊಡಗುವವರು ಎರಡರ ಧ್ವನಿಬಲವನ್ನೂ ಅಳೆದು ಸಮಗೊಳಿಸಿ, ಯಂತ್ರವಾವುದೆಂದು ಅರಿಯದೆ ಕೇಳಬೇಕು. ಕೊಂಚ ಜೋರಾದುದನ್ನೇ ಇಂಪೆಂದು ಬಗೆಯುವುದು ಕಿವಿಯ ಸ್ವಭಾವ.