ಅಧ್ಯಾಯ 6: ಶಾಲೆಯ ವಾತಾವರಣ, ಮಕ್ಕಳ ಆರೋಗ್ಯ

ಸೋಮವಾರ ಬೆಳಿಗ್ಗೆ ಶುರುವಾಗಿ, ರಜೆಯಲ್ಲಿ ಸುಳಿಯದ ಹೊಟ್ಟೆನೋವು ಅನೇಕ ಮನೆಗಳಿಗೆ ಪರಿಚಿತ. ಹಿರಿಯರು ಅದನ್ನು ಶಾಲೆ ತಪ್ಪಿಸುವ ನೆಪ ಎಂದು ಗದರುತ್ತಾರೆ. ಎಷ್ಟೋ ಸಲ ಆ ನೋವು ನಿಜವಾದದ್ದೇ ಆಗಿರುತ್ತದೆ.

ಭಯ ಮೈಯಲ್ಲಿ ಮಾಡುವ ಕೆಲಸ

ಹೆದರಿಕೆಯಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಹದಕ್ಕೆ ಮರಳಬೇಕು. ದಿನವೂ ಬೈಗುಳ, ಬೆತ್ತ, ಸಹಪಾಠಿಗಳ ಕಾಟ ಇದ್ದರೆ ಹಾಗೆ ಮರಳಲು ಬಿಡುವೇ ಸಿಗುವುದಿಲ್ಲ. ತಲೆನೋವು, ನಿದ್ದೆಗೇಡು, ಓದಿನಲ್ಲಿ ನಿರಾಸಕ್ತಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಅದು ಖಿನ್ನತೆಗೆ ತಿರುಗುತ್ತದೆ. ಶೌಚಾಲಯಕ್ಕೆ ಬಾಗಿಲು, ನೀರು ಇಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಇದರಿಂದ ಮೂತ್ರನಾಳದ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತದೆ.

ನಳಂದ ಜಿಲ್ಲೆಯ ಪ್ರಯೋಗ

ಶಾಲೆಯ ವಾತಾವರಣವನ್ನೇ ಬದಲಿಸಿದರೆ ಮಕ್ಕಳ ಆರೋಗ್ಯ ಸುಧಾರಿಸುತ್ತದೆಯೇ? ಗೋವಾದ ಸಂಗತ್ ಸಂಸ್ಥೆ ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ‘ಸೆಹರ್’ ಎಂಬ ಈ ಅಧ್ಯಯನದ ಫಲಿತಾಂಶ 2018ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 74 ಶಾಲೆಗಳ ಒಂಬತ್ತನೇ ತರಗತಿಯ ಮಕ್ಕಳು ಇದರಲ್ಲಿದ್ದರು.

ಶಾಲೆಗಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ತರಬೇತಿ ಪಡೆದ ಆಪ್ತಸಲಹೆಗಾರರು ಬಂದರು. ಇವರು ಮನೋವೈದ್ಯರಲ್ಲ, ಈ ಕೆಲಸಕ್ಕೆಂದೇ ತಯಾರಾದ ಸಾಮಾನ್ಯ ಜನ. ಎರಡನೆಯ ಗುಂಪಿನಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರೊಬ್ಬರಿಗೆ ವಹಿಸಲಾಯಿತು. ಮೂರನೆಯ ಗುಂಪಿನಲ್ಲಿ ಈ ಎರಡೂ ಇರಲಿಲ್ಲ.

ಮಾಡಿದ ಕೆಲಸಗಳು ಸರಳವಾಗಿದ್ದವು. ಶಾಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟರು. ಹೇಳಲು ಬಾಯಿ ಬಾರದ ದೂರು, ಸಲಹೆಗಳನ್ನು ಮಕ್ಕಳು ಹೆಸರು ಹಾಕದೆಯೂ ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬಹುದಿತ್ತು. ಗೋಡೆಪತ್ರಿಕೆ ಬಂತು, ಪ್ರಾರ್ಥನೆಯ ಹೊತ್ತಿನಲ್ಲಿ ಆರೋಗ್ಯದ ಮಾತು ಬಂತು, ಸ್ಪರ್ಧೆಗಳು ನಡೆದವು. ಮಕ್ಕಳನ್ನೂ ಸೇರಿಸಿಕೊಂಡ ಆರೋಗ್ಯ ಸಮಿತಿ ರಚನೆಯಾಯಿತು. ಕಷ್ಟದಲ್ಲಿದ್ದ ಮಕ್ಕಳೊಂದಿಗೆ ಏಕಾಂತದಲ್ಲಿ ಮಾತಾಡಲಾಯಿತು.

ಫಲಿತಾಂಶ ಏನು ಹೇಳಿತು

ಸಲಹೆಗಾರರಿದ್ದ ಶಾಲೆಗಳ ವಾತಾವರಣ ಗಮನಾರ್ಹವಾಗಿ ಸುಧಾರಿಸಿತು. ಖಿನ್ನತೆಯ ಲಕ್ಷಣಗಳು, ಪರಸ್ಪರ ಪೀಡನೆ, ಹಿಂಸೆ ಇಳಿದವು. ಎರಡನೆಯ ವರ್ಷ ಈ ಪರಿಣಾಮ ಇನ್ನಷ್ಟು ಗಟ್ಟಿಯಾಯಿತು. ಶಿಕ್ಷಕರಿಗೆ ಕೆಲಸ ವಹಿಸಿದ್ದ ಶಾಲೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಶಿಕ್ಷಕರನ್ನು ದೂರುವುದು ಅನ್ಯಾಯ. ಪಾಠ, ಪರೀಕ್ಷೆ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವೂ ಅವರ ತಲೆಯ ಮೇಲೇ ಇರುವಾಗ, ಆಪ್ತಸಮಾಲೋಚನೆಯನ್ನೂ ಹೇರಿದರೆ ಅದು ಕಡತದಲ್ಲೇ ಉಳಿಯುತ್ತದೆ. ಅಂಕ ಹಾಕುವ, ಶಿಸ್ತು ಕಾಯುವ ವ್ಯಕ್ತಿಯ ಮುಂದೆ ಮನಸ್ಸು ಬಿಚ್ಚಲು ಮಗುವಿಗೂ ಅಳುಕು. ಆಲಿಸುವುದನ್ನೇ ಕೆಲಸವಾಗಿ ಉಳ್ಳವರೊಬ್ಬರು ಶಾಲೆಗೆ ಬೇಕು ಎಂಬುದೇ ನಳಂದದ ಪಾಠ.

ಹಾಗೆಂದು ಶಿಕ್ಷಕರ ಮಾತಿನ ಬೆಲೆ ಕಡಿಮೆಯಾಗದು. ‘ಇಲ್ಲಿ ನನ್ನನ್ನು ಗಮನಿಸುವವರಿದ್ದಾರೆ’ ಎಂದು ಅನ್ನಿಸುವ ಮಕ್ಕಳು ದುಶ್ಚಟ, ಹಿಂಸೆ, ಆತ್ಮಹತ್ಯೆಯ ಯೋಚನೆಗಳಿಂದ ದೂರವಿರುವ ಸಾಧ್ಯತೆ ಹೆಚ್ಚು ಎಂಬುದನ್ನು ಅಮೆರಿಕದ ಹದಿಹರೆಯದವರ ಕುರಿತು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಎರಡು ದಿನ ಬಾರದಿದ್ದ ಹುಡುಗನನ್ನು ‘ಯಾಕೋ, ಹುಷಾರಿರಲಿಲ್ವಾ?’ ಎಂದು ಕೇಳುವುದೂ, ಎಲ್ಲರೆದುರು ‘ನೀನು ಉದ್ಧಾರ ಆಗಲ್ಲ’ ಎನ್ನುವುದೂ ಕ್ಷಣದ ಮಾತುಗಳೇ. ಮೊದಲನೆಯದು ಮಗುವನ್ನು ಶಾಲೆಗೆ ಹತ್ತಿರ ತರುತ್ತದೆ, ಎರಡನೆಯದು ದೂರ ತಳ್ಳುತ್ತದೆ.

ನಾವು ಮಾಡಬೇಕಾದದ್ದು

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮರೆಯಾದರೆ ಸಾಲದು, ಅವಮಾನವೂ ಮರೆಯಾಗಬೇಕು. ನಿಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಕಟ್ಟಡ, ಫಲಿತಾಂಶಗಳ ಜೊತೆಗೆ ಮೂರು ಪ್ರಶ್ನೆ ಕೇಳಿ: ಮಕ್ಕಳು ಯಾರ ಬಳಿ ಕಷ್ಟ ಹೇಳಿಕೊಳ್ಳಬಹುದು? ದೂರು ಪೆಟ್ಟಿಗೆಯನ್ನು ಯಾರು, ಯಾವಾಗ ತೆರೆಯುತ್ತಾರೆ? ಶೌಚಾಲಯದಲ್ಲಿ ನೀರು ಬರುತ್ತದೆಯೇ? ಸರಿಯಾದ ಉತ್ತರ ಸಿಗುವವರೆಗೂ ಕೇಳುವುದನ್ನು ಬಿಡಬೇಡಿ.