ಅಗಲಿಕೆಗೂ ಅಮಲಿಗೂ ಏನು ನಂಟು?

ಪ್ರೀತಿಪಾತ್ರರು ದೂರವಾದಾಗಿನ ಸಂಕಟ, ಮಾದಕ ವಸ್ತು ಬಿಟ್ಟವರ ಚಡಪಡಿಕೆಯನ್ನು ಹೋಲುತ್ತದಂತೆ. ಏಕೆ?

ಎರಡರಲ್ಲೂ ಮಿದುಳಿನ ಒಂದೇ ವ್ಯವಸ್ಥೆಯ ಪಾತ್ರವಿದೆ. ಆಪ್ತರ ಒಡನಾಟದಲ್ಲಿ ಮಿದುಳು ಅಫೀಮಿನಂಥ ಎಂಡಾರ್ಫಿನ್‌ಗಳನ್ನು ತಾನೇ ಸ್ರವಿಸುತ್ತದೆ. ಅವು ನೆಮ್ಮದಿ ಕೊಡುತ್ತವೆ. ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ‘ಮತ್ತೆ ಬೇಕು’ ಎಂಬ ಸೆಳೆತ ಹುಟ್ಟಿಸುತ್ತದೆ. ಮಾರ್ಫಿನ್, ಹೆರಾಯಿನ್‌ಗಳು ಎಂಡಾರ್ಫಿನ್‌ನ ಗ್ರಾಹಕಗಳಿಗೇ (ರಿಸೆಪ್ಟರ್) ಅಂಟಿಕೊಳ್ಳುತ್ತವೆ, ಮನೆಯ ಬೀಗಕ್ಕೆ ಕಳ್ಳಕೀಲಿ ಹೊಂದಿದಂತೆ. ಇದು ಪದೇಪದೇ ನಡೆದರೆ ಗ್ರಾಹಕಗಳು ಜಡ್ಡುಗಟ್ಟುತ್ತವೆ. ಸಹಜ ಸ್ರಾವ ಸಾಲದಾಗುತ್ತದೆ. ಆಗ ಮಾದಕ ವಸ್ತು ನಿಂತರೆ ಮೈಮನಸ್ಸು ಒದ್ದಾಡುತ್ತವೆ. ಆಪ್ತರು ಅಗಲಿದಾಗಲೂ ಇಂಥದೇ ಕೊರತೆ ಕಾಡುತ್ತದೆ.

1978ರಲ್ಲಿ ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ತಂಡ, ಒಂಟಿಯಾಗಿ ಕುಂಯ್‌ಗುಡುತ್ತಿದ್ದ ನಾಯಿಮರಿಗಳಿಗೆ ತುಸುವೇ ಮಾರ್ಫಿನ್ ಕೊಟ್ಟಿತು; ಅಳು ಇಳಿಯಿತು. 2010ರಲ್ಲಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ತಂಡ ಪ್ರೇಮಭಂಗವಾದವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಕೊಕೇನ್ ಹಂಬಲಕ್ಕೆ ಸಂಬಂಧಿಸಿದ ಭಾಗಗಳೇ ಚುರುಕಾಗಿದ್ದವು. ವ್ಯಸನ ಬಿಡಿಸಲು ಔಷಧಿಯ ಜೊತೆಗೆ ಮನೆಯವರ ಆಸರೆಯೂ ಬೇಕೆನ್ನಲು ಒಡನಾಟಕ್ಕೂ ಅಮಲಿಗೂ ಇರುವ ಈ ನಂಟೂ ಒಂದು ಕಾರಣ.