ಹಸುಗೂಸಿನ ಬಾಯಿಯೆಂಬ ಪಂಪು

ಹುಟ್ಟಿದ ಮೊದಲ ಗಂಟೆಯಲ್ಲಿ ಮನುಷ್ಯನ ಕೂಸು ಮಾಡಬಲ್ಲ ಕೆಲಸಗಳು ಬಹಳವಿಲ್ಲ. ಅಳುವುದು ಒಂದು, ಹೀರುವುದು ಇನ್ನೊಂದು. ಅಳುವುದನ್ನು ಎಲ್ಲರೂ ಗಮನಿಸುತ್ತಾರೆ. ಹೀರುವುದನ್ನು ಯಾರೂ ಗಮನಿಸುವುದಿಲ್ಲ. ಆದರೆ ಈ ಎರಡನೆಯ ಕೆಲಸದಲ್ಲಿ ವಾಯುವಿನ ಒತ್ತಡ, ನಳಿಗೆಗಳಲ್ಲಿ ದ್ರವದ ಹರಿವು, ಗುರುತ್ವಕೇಂದ್ರ, ಆಧಾರ, ಇವೆಲ್ಲವೂ ಅಡಗಿವೆ. ನಮ್ಮ ಪಠ್ಯಪುಸ್ತಕದ ಅರ್ಧ ಭಾಗವನ್ನೇ ಕೂಸು ತಾನರಿಯದೆ ಪ್ರಯೋಗಿಸುತ್ತಿರುತ್ತದೆ.

ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಹೆರಿಗೆಗೆಂದು ತವರಿಗೆ ಬಂದ ಅಕ್ಕನನ್ನು ಕಂಡಿರದ ತಮ್ಮ ತಂಗಿಯರು ನಮ್ಮ ನಾಡಿನಲ್ಲಿ ವಿರಳ. ಆಕೆಯ ಮೊದಲ ವಾರದ ಕಷ್ಟವನ್ನೂ ಅವರು ಕಂಡಿರುತ್ತಾರೆ. ಸ್ತನಗಳು ದೊಡ್ಡವಾಗಿರುವ ಬಾಣಂತಿಗೆ ಈ ಕಷ್ಟ ಒಂದು ತೂಕ ಹೆಚ್ಚು. ಕೂಸು ತೊಟ್ಟನ್ನು ಹಿಡಿಯುತ್ತದೆ, ಬಿಡುತ್ತದೆ, ಅಳುತ್ತದೆ, ತಾಯಿಯ ಬೆನ್ನು ನೋಯುತ್ತದೆ, ತೊಟ್ಟು ಬಿರಿಯುತ್ತದೆ. ಹಾಲೇ ಇಲ್ಲವೆಂದು ಮನೆಯವರು ತೀರ್ಮಾನಿಸುತ್ತಾರೆ. ಮರುದಿನ ಸೀಸೆಯೂ ಹಾಲಿನ ಪುಡಿಯೂ ಮನೆಗೆ ಬರುತ್ತವೆ. ಅನೇಕ ವೇಳೆ ಕೊರತೆಯಾಗಿದ್ದುದು ಹಾಲಲ್ಲ, ಭಾರಕ್ಕೆ ಒಂದು ಆಧಾರ ಮಾತ್ರ. ಆದಕಾರಣ ಈ ವಿಷಯದಲ್ಲಿ ಸಂಕೋಚಕ್ಕಿಂತ ತಿಳಿವಳಿಕೆಯೇ ಮೇಲು.

ಹೀರುವುದೆಂದರೇನು?

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲು ಕೋರಮಂಡಲ್, ಊರ್‌ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದುಹೋಗುತ್ತದೆ. ಇದು ಕೋಲಾರದ ಚಿನ್ನದ ಗಣಿಗಳ ನಾಡು. 2001ರಲ್ಲಿ ಮುಚ್ಚಿದ ಈ ಗಣಿಗಳು 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದವು. ಅಷ್ಟು ಆಳದ ನೀರನ್ನು ಮೇಲೆ ನಿಂತು ಹೀರಿ ತೆಗೆಯಲು ಯಾವ ಪಂಪಿಗೂ ಸಾಧ್ಯವಿಲ್ಲ. ಏಕೆಂದರೆ ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಕೊಳವೆಯೊಳಗಿನ ಒತ್ತಡವನ್ನು ಕಡಿಮೆಮಾಡುತ್ತದೆ. ಹೊರಗಿನ ವಾಯುವಿನ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ವಾಯುಭಾರಮಾಪಕವು ಸುಮಾರು 690 ಮಿಲಿಮೀಟರ್ ಪಾದರಸವನ್ನು ತೋರಿಸುತ್ತದೆ. ಅದನ್ನು ನೀರಿನ ಕಂಬಕ್ಕೆ ಪರಿವರ್ತಿಸಿದರೆ 9 ಮೀಟರಿಗೆ ಸ್ವಲ್ಪ ಹೆಚ್ಚು. ಅದಕ್ಕಿಂತ ಆಳದ ನೀರನ್ನು ಕೆಳಗಿನಿಂದಲೇ ತಳ್ಳಬೇಕು, ಇಲ್ಲವೆ ಮೊಗೆದು ತರಬೇಕು.

ಕೂಸಿನ ಬಾಯಿಯೂ ಇದೇ ಬಗೆಯ ಪಂಪು. ತುಟಿಗಳು ಮುಂದುಗಡೆಯನ್ನು ಮುಚ್ಚುತ್ತವೆ. ಹಿಂದುಗಡೆಯನ್ನು ನಾಲಗೆಯೂ ಮೃದು ಅಂಗುಳವೂ ಸೇರಿ ಮುಚ್ಚುತ್ತವೆ. ಅನಂತರ ನಾಲಗೆ ಕೆಳಗಿಳಿದಾಗ ಬಾಯೊಳಗಿನ ಅವಕಾಶ ಹಿಗ್ಗಿ ಒತ್ತಡ ತಗ್ಗುತ್ತದೆ, ಹಾಲು ಹರಿಯುತ್ತದೆ. ಕೂಸು ಒಸಡಿನಿಂದಲೂ ನಾಲಗೆಯಿಂದಲೂ ತೊಟ್ಟನ್ನು ಹಿಂಡಿ ಹಾಲು ಕರೆಯುತ್ತದೆಯೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. 2008ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಡೋನಾ ಗೆಡ್ಡಿಸ್ ಮತ್ತು ಅವರ ಸಂಗಡಿಗರು ಶ್ರವಣಾತೀತ ಧ್ವನಿಯ ಚಿತ್ರಗಳ ಮೂಲಕ ಕೂಸಿನ ಬಾಯೊಳಗನ್ನು ನೋಡುತ್ತ, ಅದೇ ಕಾಲದಲ್ಲಿ ಒತ್ತಡವನ್ನೂ ಅಳೆದರು. ನಾಲಗೆ ಅತ್ಯಂತ ಕೆಳಗಿದ್ದಾಗಲೇ ಹಾಲು ಹರಿಯುವುದು ಕಂಡುಬಂತು. 2014ರಲ್ಲಿ ಇಸ್ರೇಲಿನ ಡೇವಿಡ್ ಎಲಾದ್ ಮತ್ತು ಅವರ ಜೊತೆಗಾರರು ಗಣಿತದ ಮಾದರಿಯಿಂದಲೂ ಒತ್ತಡದ ಇಳಿತವೇ ಮುಖ್ಯವೆಂಬ ತೀರ್ಮಾನಕ್ಕೆ ಬಂದರು.

ಗೆಡ್ಡಿಸ್ ತಂಡದ ಸರಾಸರಿ ಅಳತೆಯಂತೆ ಬಾಯೊಳಗಿನ ಒತ್ತಡ ಹೊರಗಿನದಕ್ಕಿಂತ 145 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ. ಅಂದರೆ ಚಿನ್ನದ ಗಣಿಯೂರಿನ ವಾಯುವಿನ ಒತ್ತಡದ ಐದನೆಯ ಒಂದು ಪಾಲು. ಇಷ್ಟು ವ್ಯತ್ಯಾಸಕ್ಕೆ ಸುಮಾರು 2 ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ನಿಲ್ಲಿಸುವ ಸಾಮರ್ಥ್ಯವುಂಟು! ಹೀರುವಿಕೆಯ ನಡುವಿನ ವಿರಾಮದಲ್ಲಿಯೂ ಸುಮಾರು 64 ಮಿಲಿಮೀಟರಿನ ವ್ಯತ್ಯಾಸ ಉಳಿದಿರುತ್ತದೆ. ತೊಟ್ಟು ಬಾಯಿಂದ ಜಾರದಂತೆ ಹಿಡಿದಿಡುವುದು ಇದೇ. ಈ ಎರಡನೆಯ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಾತ್ರಕ್ಕೂ ಹಾಲಿಗೂ ಸಂಬಂಧವೇನು?

ಸ್ತನದಲ್ಲಿ ಹಾಲನ್ನು ತಯಾರಿಸುವ ಗ್ರಂಥಿಗಳು, ಅದನ್ನು ತೊಟ್ಟಿಗೆ ಒಯ್ಯುವ ನಾಳಗಳು, ಕೊಬ್ಬು, ಇವುಗಳನ್ನು ಬಿಗಿದಿಡುವ ತಂತುಗಳು ಇರುತ್ತವೆ. ಹೊರಗೆ ಕಾಣುವ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊಬ್ಬು. ಆದುದರಿಂದ ದೊಡ್ಡ ಸ್ತನವುಳ್ಳವಳಿಗೆ ಹಾಲು ಹೆಚ್ಚು, ಚಿಕ್ಕದುಳ್ಳವಳಿಗೆ ಕಡಿಮೆ ಎಂಬ ಮಾತಿಗೆ ಆಧಾರವಿಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ಉತ್ಪತ್ತಿಮಾಡಿಸುತ್ತದೆ. ಆಕ್ಸಿಟೋಸಿನ್ ಗ್ರಂಥಿಗಳ ಸುತ್ತಣ ಸ್ನಾಯುಕೋಶಗಳನ್ನು ಸಂಕುಚಿಸಿ ಹಾಲನ್ನು ನಾಳಗಳಿಗೆ ತಳ್ಳುತ್ತದೆ. ಎರಡನ್ನೂ ಎಬ್ಬಿಸುವುದು ಕೂಸಿನ ಹೀರುವಿಕೆಯೇ. ಹಾಲು ಎಷ್ಟು ಬರಿದಾಗುವುದೋ ಅಷ್ಟು ತುಂಬುವುದು. ತಾಯಿಯ ಹಾಲನ್ನು ಮಾತ್ರವೇ ಕುಡಿಯುವ, ಒಂದು ತಿಂಗಳು ದಾಟಿದ ಕೂಸು ದಿನಕ್ಕೆ ಸುಮಾರು 750ರಿಂದ 800 ಮಿಲಿಲೀಟರ್ ಕುಡಿಯುತ್ತದೆ.

1840ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಸ್ತನರಚನೆಯ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಆಮೇಲಿನ ಪುಸ್ತಕಗಳು ಹದಿನೈದು ಇಪ್ಪತ್ತು ನಾಳಗಳನ್ನೂ, ತೊಟ್ಟಿನ ಹಿಂದೆ ಹಾಲು ನಿಲ್ಲುವ ಸಣ್ಣ ಕೋಶಗಳನ್ನೂ ಚಿತ್ರಿಸುತ್ತ ಬಂದವು. 2005ರಲ್ಲಿ ರ‍್ಯಾಮ್ಸೆ, ಹಾರ್ಟ್‌ಮನ್ ಮೊದಲಾದವರು ಹಾಲೂಡುವ ತಾಯಂದಿರನ್ನು ಪರೀಕ್ಷಿಸಿದಾಗ ನಾಳಗಳು ಸರಾಸರಿ ಒಂಬತ್ತು ಮಾತ್ರವೆಂದೂ, ಆ ಕೋಶಗಳು ಇಲ್ಲವೆಂದೂ, ನಾಳಗಳು ಚರ್ಮದ ಸನಿಹದಲ್ಲೇ ಇದ್ದು ಸುಲಭವಾಗಿ ಅದುಮಿಹೋಗುವುವೆಂದೂ ತಿಳಿದುಬಂತು. ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಯೆಂದು ಪ್ವಾಸೆಯ್‌ನ ನಿಯಮ ಹೇಳುತ್ತದೆ. ಮೃದುವಾದ ನಾಳಕ್ಕೆ ಈ ಲೆಕ್ಕ ಚಾಚೂ ತಪ್ಪದೆ ಹೊಂದದಿದ್ದರೂ ಪಾಠ ಸ್ಪಷ್ಟವಾಗಿದೆ: ತಪ್ಪು ಜಾಗದಲ್ಲಿ ಒತ್ತಿದ ಒಂದು ಬೆರಳು ಅಥವಾ ಬಿಗಿಯಾದ ಒಂದು ರವಿಕೆ ಹಾಲಿನ ದಾರಿಯನ್ನು ಕಟ್ಟಬಲ್ಲದು.

ಭಾರದ ಲೆಕ್ಕ

ಒಂದು ಸ್ತನದ ತೂಕ 1 ಕಿಲೋಗ್ರಾಮ್ ಎಂದೂ, ಕೂಸಿನ ತೂಕ 3 ಕಿಲೋಗ್ರಾಮ್ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವಿರಾಮದ 64 ಮಿಲಿಮೀಟರ್ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 87 ಗ್ರಾಮ್ ತೂಕದ ಬಲವನ್ನು ಕೊಡುತ್ತದೆ. ಬಾಯಿ ಹಿಡಿದಿರುವ ಭಾಗದ ವಿಸ್ತೀರ್ಣ 3 ಚದರ ಸೆಂಟಿಮೀಟರ್ ಎಂದುಕೊಂಡರೆ ಒಟ್ಟು ಬಲ ಸುಮಾರು 260 ಗ್ರಾಮ್ ತೂಕದಷ್ಟು. ಇದು ಸ್ಥೂಲವಾದ ಎಣಿಕೆ. ಆದರೂ 1 ಕಿಲೋಗ್ರಾಮಿನ ಭಾರದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಬಾಯ ಮೇಲೆ ಬಿದ್ದರೆ ಹಿಡಿತ ಜಾರತೊಡಗುತ್ತದೆ ಎಂಬುದನ್ನು ತೋರಿಸಲು ಸಾಕು.

ಹಿಡಿತ ಜಾರಿದಾಗ ಬಾಯೊಳಕ್ಕೆ ಗಾಳಿ ನುಗ್ಗಿ ‘ಟಕ್’ ಎಂಬ ಸದ್ದಾಗುತ್ತದೆ. ಬಾಯಲ್ಲಿ ತೊಟ್ಟಿನ ತುದಿ ಮಾತ್ರ ಉಳಿದು ಗಟ್ಟಿ ಅಂಗುಳಕ್ಕೆ ಉಜ್ಜುತ್ತದೆ. ತೊಟ್ಟು ಚಪ್ಪಟೆಯಾಗುತ್ತದೆ, ನಾಳಗಳು ಅದುಮಿಹೋಗುತ್ತವೆ. ತಾಯಿಗೆ ನೋವು, ಕೂಸಿಗೆ ಹಸಿವು. ಸ್ತನ ಸರಿಯಾಗಿ ಬರಿದಾಗದೆ ಮುಂದೆ ಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ. ಹಾಲಿಲ್ಲವೆಂಬ ಸುಳ್ಳು ಹೀಗೆ ಕಾಲಕ್ರಮದಲ್ಲಿ ನಿಜವಾಗುತ್ತದೆ.

ಪರಿಹಾರವೂ ಲೆಕ್ಕದಿಂದಲೇ ಹೊರಡುತ್ತದೆ. ಭಾರವನ್ನು ಕೂಸಿನ ಬಾಯಿ ಹೊರಬಾರದು. ಬೇರೊಂದು ಆಧಾರ ಹೊರಬೇಕು.

ಆಧಾರದ ಬಗೆಗಳು

ಮೊದಲನೆಯದು ಬಟ್ಟೆಯ ಸುರುಳಿ. ಹಳೆಯ ಸೀರೆಯ ತುಂಡನ್ನೋ ಟವೆಲನ್ನೋ ಬಿಗಿಯಾಗಿ ಸುತ್ತಿ ಸ್ತನದ ಕೆಳಗಿಟ್ಟರೆ ಭಾರದ ಬಹುಭಾಗ ಅದರ ಮೇಲೆ ಕುಳಿತುಕೊಳ್ಳುತ್ತದೆ. ತಾಯಿಯ ಒಂದು ಕೈಯೂ ಬಿಡುವಾಗುತ್ತದೆ. ಗಣಿಯ ಲೈನುಗಳ ಒಂದೇ ಕೋಣೆಯ ಮನೆಯಲ್ಲಿಯೂ ಇದಕ್ಕೆ ಕೊರತೆಯಿಲ್ಲ.

ಎರಡನೆಯದು ಕೈ. ಹೆಬ್ಬೆರಳು ಮೇಲೆ, ಉಳಿದ ನಾಲ್ಕು ಕೆಳಗೆ. ಬೆರಳುಗಳು ತೊಟ್ಟಿನ ಸುತ್ತಣ ಕಪ್ಪು ವಲಯದಿಂದ ಸಾಕಷ್ಟು ಹಿಂದಿರಬೇಕು. ಇಲ್ಲವಾದರೆ ಕೂಸು ಬಾಯಿ ತುಂಬ ಹಿಡಿಯಲು ಅವೇ ಅಡ್ಡಿ.

ಮೂರನೆಯದು ಎತ್ತರದ ವಿಚಾರ. ಮಡಿಲಲ್ಲಿ ದಿಂಬಿಟ್ಟು ಕೂಸನ್ನು ಎತ್ತರಿಸಬೇಕೆಂಬ ಸಾಮಾನ್ಯ ಸಲಹೆ ಇಲ್ಲಿ ತಪ್ಪಾಗಬಹುದು. ದೊಡ್ಡ ಸ್ತನದ ತೊಟ್ಟು ಕೆಳಮಟ್ಟದಲ್ಲಿರುವುದರಿಂದ ದಿಂಬಿನ ಮೇಲಿನ ಕೂಸಿಗಾಗಿ ಸ್ತನವನ್ನು ಮೇಲೆತ್ತಬೇಕಾಗುತ್ತದೆ. ಕೈ ಸೋತೊಡನೆ ಅದು ತನ್ನ ಸಹಜ ಸ್ಥಾನಕ್ಕೆ ಇಳಿದು ಹಿಡಿತ ಕಳಚುತ್ತದೆ. ತೊಟ್ಟು ಎಲ್ಲಿ ಸಹಜವಾಗಿ ನಿಲ್ಲುವುದೋ ಅಲ್ಲಿಗೆ ಕೂಸನ್ನು ತರಬೇಕು. ಹಲವರಿಗೆ ಮಡಿಲೇ ಸಾಕಾಗುತ್ತದೆ.

ನಾಲ್ಕನೆಯದು ಕಂಕುಳಡಿಯ ಹಿಡಿತ. ಕೂಸಿನ ದೇಹ ತಾಯಿಯ ಪಕ್ಕದಲ್ಲಿ, ಕಾಲುಗಳು ಅವಳ ಬೆನ್ನಿನ ಕಡೆಗೆ, ಕತ್ತು ಮತ್ತು ಭುಜಗಳು ಅವಳ ಅಂಗೈಯಲ್ಲಿ. ಕೂಸಿನ ಎದೆಯ ಮೇಲೆ ಸ್ತನದ ಭಾರ ಬೀಳುವುದಿಲ್ಲ. ಬಾಯಿ ತಾಯಿಗೆ ಚೆನ್ನಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರ ಹೊಟ್ಟೆಯ ಗಾಯಕ್ಕೂ ಒತ್ತಡ ತಾಗುವುದಿಲ್ಲ.

ಐದನೆಯದು ಪಕ್ಕಕ್ಕೆ ಒರಗಿ ಮಲಗುವುದು. ಇಲ್ಲಿ ಭಾರವನ್ನು ಹಾಸಿಗೆಯೇ ಹೊರುತ್ತದೆ. ಇಲ್ಲವೆ ಗೋಡೆಗೆ ದಿಂಬುಗಳನ್ನಿಟ್ಟು ಅರ್ಧ ಒರಗಿ, ಕೂಸನ್ನು ಎದೆಯ ಮೇಲೆ ಮುಖವಿಟ್ಟು ಮಲಗಿಸಬಹುದು. ನೇರ ಕುಳಿತಾಗ ಕೂಸನ್ನು ತಾಯಿಯಿಂದ ದೂರ ಎಳೆಯುತ್ತಿದ್ದ ಗುರುತ್ವವೇ ಆಗ ಅದನ್ನು ತಾಯಿಗೆ ಅಂಟಿಸುತ್ತದೆ. ಆದರೆ ಕೂಸನ್ನು ಎದೆಯ ಮೇಲಿಟ್ಟುಕೊಂಡು ತಾಯಿ ನಿದ್ರೆಹೋಗುವುದು ಅಪಾಯ. ನಿದ್ರೆ ಬರುವಂತಿದ್ದರೆ ಕೂಸನ್ನು ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು.

ತೊಟ್ಟಿನ ಕೆಳಭಾಗ ತಾಯಿಗೆ ಕಾಣದಿದ್ದರೆ? ಎದುರಿಗೆ ಒಂದು ಕನ್ನಡಿಯಿಟ್ಟರಾಯಿತು. ಸಮತಲ ದರ್ಪಣಕ್ಕೆ ಇದಕ್ಕಿಂತ ಉತ್ತಮ ಉಪಯೋಗ ನನಗೆ ತೋಚದು.

ಮೂಗು ಮುಚ್ಚಿಹೋಗದೆ?

ತಾಯಂದಿರನ್ನು ಬಹುವಾಗಿ ಕಾಡುವ ಭಯ ಇದು. ಬೆರಳಿನಿಂದ ಸ್ತನವನ್ನು ಒತ್ತಿ ಮೂಗಿಗೆ ಜಾಗ ಮಾಡುವುದು ವಾಡಿಕೆ. ಹಾಗೆ ಒತ್ತಿದರೆ ನಾಳ ಅದುಮಿಹೋಗಬಹುದು, ಹಿಡಿತವೂ ಸಡಿಲಬಹುದು. ಅದರ ಬದಲು ಕೂಸಿನ ಕುಂಡಿಯನ್ನು ತಾಯಿಯ ಮೈಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳಬೇಕು. ಆಗ ತಲೆ ತುಸು ಹಿಂದಕ್ಕೆ ಬಾಗಿ, ಗಲ್ಲ ಸ್ತನಕ್ಕೆ ಒತ್ತಿಕೊಂಡು, ಮೂಗು ಬಿಡುವಾಗುತ್ತದೆ. ತಲೆಯ ಹಿಂಭಾಗವನ್ನು ಎಂದೂ ದೂಡಬಾರದು. ದೂಡಿದರೆ ಗಲ್ಲ ಎದೆಗೆ ತಾಗಿ ಮೂಗೇ ಮೊದಲು ಹೂತುಕೊಳ್ಳುತ್ತದೆ. ನೀವು ತಲೆ ತಗ್ಗಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡಿ, ಕಾರಣ ತಾನಾಗಿ ತಿಳಿಯುತ್ತದೆ.

ಹೆರಿಗೆಯಾದ ಮೂರರಿಂದ ಐದನೆಯ ದಿನದ ಸುಮಾರಿಗೆ ಹಾಲು ತುಂಬಿ ಸ್ತನ ಗಡುಸಾಗಬಹುದು. ಬಿಗಿದ ಚೆಂಡನ್ನು ಹಲ್ಲಿಲ್ಲದ ಬಾಯಿ ಹೇಗೆ ಹಿಡಿದೀತು? ಕೈಯಿಂದ ಸ್ವಲ್ಪ ಹಾಲನ್ನು ಹಿಂಡಿ ಕಪ್ಪು ವಲಯವನ್ನು ಮೆತ್ತಗಾಗಿಸಿ ಆಮೇಲೆ ಕೂಸಿಗೆ ಕೊಡಬೇಕು. ಸ್ತನದ ಕೆಳಗಣ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗುವುದುಂಟು. ತೊಳೆದು, ಒರಸಿ, ಒಣಗಿಸಬೇಕು. ಒಳರವಿಕೆಯ ಪಟ್ಟಿ 1 ಸೆಂಟಿಮೀಟರ್ ಅಗಲದ ಬದಲು 3 ಸೆಂಟಿಮೀಟರ್ ಇದ್ದರೆ ಅದೇ ಭಾರಕ್ಕೆ ಭುಜದ ಮೇಲಿನ ಒತ್ತಡ ಮೂರನೆಯ ಒಂದು ಪಾಲಾಗುತ್ತದೆ. ಇದನ್ನು ತಿಳಿದ ದರ್ಜಿ ಬಾಣಂತಿಯ ಬೆನ್ನನ್ನು ಉಳಿಸುತ್ತಾನೆ.

ಹಾಲು ಸಾಕಾಗಿದೆಯೆ?

ಅಳುವೊಂದೇ ಅಳತೆಗೋಲಲ್ಲ. ನುಂಗುವ ಸದ್ದು ಕೇಳಬೇಕು. ಬಾಯಿಂದ ಹೊರಬಂದ ತೊಟ್ಟು ಚಪ್ಪಟೆಯಾಗಿರದೆ ದುಂಡಗಿರಬೇಕು. ಐದಾರು ದಿನಗಳ ನಂತರ ಕೂಸು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಬೇಕು. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ; ಎರಡು ವಾರಗಳೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಹಾಗಾಗದಿದ್ದರೆ, ಅಥವಾ ತಾಯಿಗೆ ಜ್ವರವೋ ಬಿಡದ ನೋವೋ ಇದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕೆಂಬ ಏರ್ಪಾಡಿದೆ. ಬಾಣಂತಿ ಹಾಲೂಡುವುದನ್ನು ನೋಡಿ ಸರಿಪಡಿಸಲು ಆಕೆಯನ್ನು ಕೇಳಬಹುದು.

ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಲು ಆರಂಭಿಸಿ, ಆರು ತಿಂಗಳು ತಾಯಿಯ ಹಾಲನ್ನಲ್ಲದೆ ನೀರನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲಿನ ಪುಡಿಯ ಜಾಹೀರಾತಿನಿಂದ ತಾಯಂದಿರು ಮೋಸಹೋಗದಿರಲೆಂದು ಭಾರತ ಸರ್ಕಾರ 1992ರಲ್ಲಿಯೇ ಅಂಥ ಜಾಹೀರಾತನ್ನು ಕಾನೂನಿನಿಂದ ನಿಷೇಧಿಸಿತು. ವೈದ್ಯಕೀಯ ಕಾರಣದಿಂದ ಪುಡಿಯ ಹಾಲು ಅನಿವಾರ್ಯವಾಗುವ ಸಂದರ್ಭಗಳೂ ಉಂಟು. ಆ ತಾಯಿಯನ್ನು ಯಾರೂ ದೂರಬಾರದು. ಆದರೆ ಒಂದು ಟವೆಲಿನ ಸುರುಳಿ ಸಾಕಾಗುವ ಕಡೆ ಸೀಸೆ ಬರುವುದು ತಿಳಿವಳಿಕೆಯ ಕೊರತೆಯೇ ಸರಿ. ಮನೆಯಲ್ಲಿ ಬಾಣಂತಿ ಇರುವ ವಿದ್ಯಾರ್ಥಿ ಈ ಲೇಖನವನ್ನು ಆಕೆಯ ಕೈಗೆ ಕೊಡಲಿ. ಜೊತೆಯಲ್ಲಿ ಒಂದು ಕನ್ನಡಿಯನ್ನೂ ಒಂದು ಮಡಿಸಿದ ಸೀರೆಯನ್ನೂ ತಂದಿಡಲಿ. ಕಾಲೇಜಿನಲ್ಲಿ ಕಲಿತ ಭೌತವಿಜ್ಞಾನ ಆ ಮಟ್ಟಿಗೆ ಸಾರ್ಥಕವಾಗುತ್ತದೆ.